ಮೇಣವನ್ನು ಕೊಬ್ಬು ಅಂದುಕೊಂಡಿದ್ದೆ

ರಾಮನ್ ಸ್ಪೆಕ್ಟ್ರೋಸ್ಕೋಪಿ, ಅಂದರೆ ಲೇಸರ್ ಬೆಳಕು ಚದುರುವ ರೀತಿ ನೋಡಿ ಯಾವ ಅಣು ಇದೆ ಅಂತ ತಿಳಿಯುವ ವಿಧಾನ, ಕಲಿಯುತ್ತಿದ್ದ ಹೊಸದು. ಕ್ಯಾನ್ಸರ್ ಗಡ್ಡೆಯಿಂದ ಕತ್ತರಿಸಿದ ತೆಳುವಾದ ಪದರವೊಂದರ ಮೇಲೆ ಲೇಸರ್ ಬಿಟ್ಟು ಕತ್ತಲೆ ಕೋಣೆಯಲ್ಲಿ ಕೂತಿದ್ದೆ. ಪರದೆಯ ಗ್ರಾಫಿನಲ್ಲಿ ಮೂರು ಪೀಕ್ ಸೂಜಿಯ ಹಾಗೆ ಎದ್ದವು: 1063, 1133, 1296. ಚದುರಿದ ಬೆಳಕಿನ ಬಣ್ಣ ಎಷ್ಟು ಬದಲಾಯಿತು ಅನ್ನುವುದರ ಅಳತೆ ಈ ಅಂಕಿಗಳು. ಪಟ್ಟಿ ತೆಗೆದು ನೋಡಿದರೆ ಕೊಬ್ಬಿನ ಪೀಕ್‌ಗಳೂ ಅಲ್ಲೇ ಆಸುಪಾಸು. ಈ ಗಡ್ಡೆಯಲ್ಲಿ ಕೊಬ್ಬು ಜಾಸ್ತಿ ಅಂತ ನೋಟ್‌ಬುಕ್ಕಿನಲ್ಲಿ ಬರೆದೂ ಬಿಟ್ಟೆ. ಎರಡು ವಾರ ಅದನ್ನೇ ನಂಬಿಕೊಂಡು ಕೆಲಸ ಮಾಡಿದೆ. ಒಂದು ಸಂಜೆ ಸ್ಲೈಡ್ ಸ್ವಲ್ಪ ಜರುಗಿ, ಲೇಸರ್ ಚುಕ್ಕೆ ಅಂಗಾಂಶವೇ ಇಲ್ಲದ ಖಾಲಿ ಜಾಗದ ಮೇಲೆ ಬಿತ್ತು. ಅಲ್ಲೂ ಅದೇ ಮೂರು ಪೀಕ್.

ಅದು ಪ್ಯಾರಾಫಿನ್ ಮೇಣ. ಅಂಗಾಂಶವನ್ನು ಕೆಡದ ಹಾಗೆ ಇಟ್ಟು ತೆಳ್ಳಗೆ ಕತ್ತರಿಸಬೇಕು ಅಂದರೆ ಮೊದಲು ಮೇಣದಲ್ಲಿ ಕೂರಿಸುತ್ತಾರೆ, ಆಮೇಲೆ ಮೇಣ ಕರಗಿಸುವ ಕ್ಸೈಲೀನ್ ದ್ರವದಲ್ಲಿ ತೊಳೆಯುತ್ತಾರೆ. ಎಷ್ಟು ತೊಳೆದರೂ ಚೂರುಪಾರು ಉಳಿದುಬಿಡುತ್ತದೆ. ಮೇಣ ಅಂದರೆ ಇಂಗಾಲದ ಉದ್ದನೆಯ ಸರಪಳಿ. ಕೊಬ್ಬಿನ ಬಾಲವೂ ಅದೇ ಥರದ್ದು. ಎರಡೂ ಹೆಚ್ಚುಕಡಿಮೆ ಒಂದೇ ರೀತಿ ಅಲುಗುತ್ತವೆ, ಹಾಗಾಗಿ ಪೀಕ್‌ಗಳು ಒಂದರ ಮೇಲೊಂದು ಬಂದು ಕೂರುತ್ತವೆ.

ಆದರೂ ಆವತ್ತಿನಿಂದ ಈ ವಿಧಾನದ ಮೇಲೆ ಪ್ರೀತಿ ಜಾಸ್ತಿಯೇ ಆಯಿತು. ಯಾಕೆ ಅಂತ ಹೇಳ್ತೀನಿ.

ಹೊಳೆಯುವ ಬಣ್ಣ ಕಟ್ಟಿ ಜೀವಕೋಶ ನೋಡುವ ಫ್ಲೋರೆಸೆನ್ಸ್ ಮೈಕ್ರೋಸ್ಕೋಪಿ ನನಗೂ ಇಷ್ಟ. ಜೆಲ್ಲಿ ಮೀನಿನಲ್ಲಿ ಸಿಕ್ಕ ಹಸಿರು ಪ್ರೋಟೀನ್ ಜೀವಕೋಶದೊಳಗೆ ಹೊಳೆಯುವುದನ್ನು ನೋಡುವುದೇ ಒಂದು ಸಂತೋಷ. ಆ ಕೆಲಸಕ್ಕೆ 2008ರಲ್ಲಿ ನೊಬೆಲ್ ಬಂತು. ಆದರೆ ಅಲ್ಲಿ ಏನನ್ನು ಹುಡುಕುತ್ತಿದ್ದೇವೆ ಅಂತ ನಮಗೆ ಮೊದಲೇ ಗೊತ್ತಿರಬೇಕು. ಯಾವುದಕ್ಕೆ ಬಣ್ಣ ಕಟ್ಟಿದ್ದೇವೋ ಅದು ಹೊಳೆಯುತ್ತದೆ, ಮಿಕ್ಕಿದ್ದೆಲ್ಲ ಕತ್ತಲು. ರಾಮನ್‌ನಲ್ಲಿ ಬಣ್ಣ ಹಾಕುವ ಅಗತ್ಯವೇ ಇಲ್ಲ. ಬೆಳಕು ಅಣುವಿಗೆ ತಾಗಿ ಚದುರುವಾಗ ಬಹುಪಾಲು ಬಂದ ಬಣ್ಣದಲ್ಲೇ ವಾಪಸ್ ಹೋಗುತ್ತದೆ, ಸುಮಾರು ಒಂದು ಕೋಟಿ ಫೋಟಾನ್‌ಗೆ ಒಂದು ಮಾತ್ರ ಬಣ್ಣ ಬದಲಿಸಿಕೊಂಡು ಬರುತ್ತದೆ, ಎಷ್ಟು ಬದಲಾಯಿತು ಅನ್ನುವುದರಲ್ಲಿ ಆ ಅಣು ಹೇಗೆ ಅಲುಗುತ್ತದೆ ಅನ್ನುವುದು ಸಿಗುತ್ತದೆ. ಸಿ. ವಿ. ರಾಮನ್ 1928ರಲ್ಲಿ ಕಂಡಿದ್ದು ಇದನ್ನೇ. 1003ರ ಹತ್ತಿರ ಚೂಪಾದ ಪೀಕ್ ಇದ್ದರೆ ಸಾಮಾನ್ಯವಾಗಿ ಅದು ಪ್ರೋಟೀನಿನಲ್ಲಿರುವ ಫೆನೈಲ್‌ಅಲನೀನ್ ಅನ್ನುವ ಅಮೈನೋ ಆಮ್ಲದ ಉಂಗುರ ಉಸಿರಾಡುವ ಹಾಗೆ ಹಿಗ್ಗಿ ಕುಗ್ಗುತ್ತಿರುವುದು. ನಾನು ಕೇಳದೇ ಇದ್ದದ್ದನ್ನೂ ಸ್ಪೆಕ್ಟ್ರಮ್, ಅಂದರೆ ಪೀಕ್‌ಗಳ ಆ ಇಡೀ ಗ್ರಾಫ್, ಹೇಳುತ್ತದೆ. ಮೇಣದ ವಿಷಯವನ್ನೂ ಅದೇ ಹೇಳಿತ್ತು, ನಾನು ಸರಿಯಾಗಿ ಓದಲಿಲ್ಲ ಅಷ್ಟೇ.

ಕೋಟಿಗೆ ಒಂದು ಅಂದಮೇಲೆ ಕಾಯಲೇಬೇಕು. ಒಂದು ಚುಕ್ಕೆಗೆ ಒಂದು ಸೆಕೆಂಡ್ ಅಂತ ಇಟ್ಟುಕೊಂಡರೂ, ಅಡ್ಡಕ್ಕೆ 200, ಉದ್ದಕ್ಕೆ 200 ಚುಕ್ಕೆಗಳ ಚಿತ್ರಕ್ಕೆ 40,000 ಸೆಕೆಂಡ್, ಅಂದರೆ ಸುಮಾರು 11 ಗಂಟೆ. 532 ನ್ಯಾನೋಮೀಟರ್‌ನ ಹಸಿರು ಲೇಸರ್ ಹಾಕಿದರೆ ಸಿಗ್ನಲ್ ಚೆನ್ನಾಗಿರುತ್ತದೆ, ಆದರೆ ಅಂಗಾಂಶವೇ ತಾನಾಗಿ ಹೊಳೆದು ಎಲ್ಲವನ್ನೂ ಮುಚ್ಚಿಬಿಡುತ್ತದೆ. 785 ನ್ಯಾನೋಮೀಟರ್‌ನ ಲೇಸರ್‌ಗೆ ಹೋದರೆ ಆ ಹೊಳಪು ತಗ್ಗುತ್ತದೆ, ಆದರೆ 532ಕ್ಕೆ ಹೋಲಿಸಿದರೆ ಚದುರುವ ಬೆಳಕು ಐದನೇ ಒಂದು ಪಾಲಿಗೆ ಇಳಿಯುತ್ತದೆ. ನಡುವೆ ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣವೊಂದು ಡಿಟೆಕ್ಟರ್‌ಗೆ ಬಡಿದರೆ ಎಲ್ಲೋ ಒಂದು ಸುಳ್ಳು ಪೀಕ್. ಅದಕ್ಕೇ ಪ್ರತಿ ಚುಕ್ಕೆಯನ್ನೂ ಎರಡು ಸಲ ಅಳೆಯುತ್ತೇನೆ. ಎರಡರಲ್ಲೂ ಇದ್ದರೆ ಮಾತ್ರ ನಂಬುತ್ತೇನೆ.

ಈಗ ಎಲ್ಲರೂ ಸ್ಪೆಕ್ಟ್ರಮ್‌ಗಳನ್ನು ರಾಶಿ ಹಾಕಿ ಮಷೀನ್ ಲರ್ನಿಂಗ್‌ಗೆ ಕೊಡುತ್ತಾರೆ. ಕೊಡಲಿ, ನಾನೂ ಕೊಡುತ್ತೇನೆ. ಆದರೆ ಗಡ್ಡೆಯ ಸ್ಲೈಡ್‌ಗಳನ್ನು ಒಂದು ಕಡೆ, ಆರೋಗ್ಯವಂತ ಸ್ಲೈಡ್‌ಗಳನ್ನು ಇನ್ನೊಂದು ಕಡೆ ತೊಳೆದಿದ್ದರೆ, ಆ ಮಾಡೆಲ್ ಕ್ಯಾನ್ಸರನ್ನು ಬಿಟ್ಟು ಮೇಣ ಎಷ್ಟು ಉಳಿದಿದೆ ಅನ್ನುವುದನ್ನು ಕಲಿಯಬಹುದು, ಅಂಕವೂ ಚೆನ್ನಾಗಿಯೇ ಬರುತ್ತದೆ! ಒಬ್ಬರೇ ರೋಗಿಯ ಸ್ಪೆಕ್ಟ್ರಮ್‌ಗಳಲ್ಲಿ ಅರ್ಧ ಕಲಿಸುವುದಕ್ಕೆ, ಇನ್ನರ್ಧ ಪರೀಕ್ಷೆಗೆ ಹಾಕುವುದೂ ಇಂಥದ್ದೇ ತಪ್ಪು, ಮಾಡೆಲ್ ರೋಗವನ್ನು ಬಿಟ್ಟು ಆ ರೋಗಿಯನ್ನೇ ಗುರುತಿಟ್ಟುಕೊಳ್ಳಬಹುದು. ಹಾಗೆ ಬಂದ ಫಲಿತಾಂಶದ ಮೇಲೆ ಮುಂದೆ ಯಾರದೋ ಚಿಕಿತ್ಸೆ ನಿರ್ಧಾರವಾಗುತ್ತದೆ ಅಲ್ವಾ? ಅದನ್ನು ನೆನೆದರೆ ನನಗೆ ನಿಜವಾಗಲೂ ಭಯವಾಗುತ್ತದೆ.

ಕೊನೆಗೆ ಮೇಣ ತಾಗಿಸದೆ, ಹೆಪ್ಪುಗಟ್ಟಿಸಿ ಕತ್ತರಿಸಿದ ಸ್ಯಾಂಪಲ್ ತಂದೆ. ಗಾಜಿನ ಸ್ಲೈಡ್‌ಗೂ ತನ್ನದೇ ಗದ್ದಲ ಇರುವುದರಿಂದ ಕ್ಯಾಲ್ಸಿಯಂ ಫ್ಲೋರೈಡ್ ಬಿಲ್ಲೆಯ ಮೇಲೆ ಇಟ್ಟೆ. ಮೊದಲು ಖಾಲಿ ಜಾಗ ಅಳೆದೆ, ಅಲ್ಲಿ ಏನೂ ಇರಲಿಲ್ಲ. ಆಮೇಲೆ ಅಂಗಾಂಶ. ಆ ಮೂರು ಸೂಜಿ ಪೀಕ್‌ಗಳು ಮಾಯ. 1300ರ ಹತ್ತಿರ ಒಂದು ಅಗಲವಾದ ದಿಬ್ಬ, ಮತ್ತೆ 1740ರ ಹತ್ತಿರ ಸಣ್ಣದೊಂದು ಉಬ್ಬು, ಗಮನವಿಟ್ಟು ನೋಡದಿದ್ದರೆ ಕಾಣದಷ್ಟು ಸಣ್ಣದು. ಅದು ಇಂಗಾಲ ಮತ್ತು ಆಮ್ಲಜನಕದ ಜೋಡಿ ಬಂಧದ್ದು. ಮೇಣದಲ್ಲಿ ಆಮ್ಲಜನಕವೇ ಇಲ್ಲ. ಇದು ಕೊಬ್ಬು.