‘ಡೆಡ್‌ಲೈನ್’ ಬೆನ್ನು ಹತ್ತಿದ ಒಂದು ಮಧ್ಯಾಹ್ನ

ಡೆಡ್‌ಲೈನ್ ಅಂದರೆ ಮೂಲದಲ್ಲಿ ದಾಟಿದವರನ್ನು ಗುಂಡಿಟ್ಟು ಕೊಲ್ಲುತ್ತಿದ್ದ ಗೆರೆ ಎಂಬ ಕಥೆ ಆಗಾಗ ಕಿವಿಗೆ ಬೀಳುತ್ತದೆ. ಅಂಥ ಗೆರೆ ಇದ್ದದ್ದು ನಿಜ. ಅದೇ ಗೆರೆ ಪತ್ರಿಕಾ ಕಚೇರಿಯ ಗಡಿಯಾರಕ್ಕೆ ಬಂದು ‘ಗಡುವು’ ಆಯಿತೇ ಎಂಬುದು ಬೇರೆ ಪ್ರಶ್ನೆ. ಒಂದು ಮಧ್ಯಾಹ್ನ ಹಳೆಯ ಪತ್ರಿಕೆಗಳ ಡಿಜಿಟಲ್ ಸಂಗ್ರಹವನ್ನೂ ನಿಘಂಟನ್ನೂ ತೆರೆದಿಟ್ಟುಕೊಂಡು ಕೂತದ್ದು ಇದಕ್ಕೇ.

ಇಂಥ ಹುಡುಕಾಟದಲ್ಲಿ ಮೊದಲು ಎಡವುವುದು ಕಾಗುಣಿತದಲ್ಲಿ. ಕೂಡಿಸಿ ಬರೆದ ರೂಪವನ್ನಷ್ಟೇ ಹುಡುಕಿದರೆ 19ನೇ ಶತಮಾನದ ಬಳಕೆಗಳು ಬಹುಪಾಲು ತಪ್ಪಿಹೋಗುತ್ತವೆ. ‘ಡೆಡ್ ಲೈನ್’ ಎಂದು ಬಿಡಿಸಿಯೂ ನಡುವೆ ಅಡ್ಡಗೆರೆ ಹಾಕಿಯೂ ನೋಡಬೇಕು. ಬಿಡಿಸಿದಾಗ ಕಸ ವಿಪರೀತ: ಕರೆಂಟ್ ಹರಿಯದ ತಂತಿ, ಅಲುಗಾಡದೆ ನೀರಲ್ಲಿ ಬಿದ್ದಿರುವ ಗಾಳದ ದಾರ, ಸ್ಕ್ಯಾನ್ ಓದುವ ಸಾಫ್ಟ್‌ವೇರ್ ಎರಡು ಕಾಲಂಗಳನ್ನು ಬೆಸೆದು ತಾನೇ ಹುಟ್ಟಿಸಿದ ಜೋಡಿಪದ. ಇಸವಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ನಿಯತಕಾಲಿಕದ ಎಲ್ಲ ಸಂಪುಟಗಳಿಗೂ ಮೊದಲ ಸಂಚಿಕೆಯ ವರ್ಷವನ್ನೇ ಅಂಟಿಸಿರುವುದುಂಟು. ಮುಖಪುಟ ತೆರೆದು ನೋಡದೆ ಯಾವ ಬಳಕೆಯನ್ನೂ ಬರೆದುಕೊಳ್ಳಬಾರದು.

ಜೊಳ್ಳು ತೂರಿದ ಮೇಲೆ ಉಳಿಯುವ ದೊಡ್ಡ ಗುಂಪು ಅಮೆರಿಕದ ಅಂತರ್ಯುದ್ಧದ್ದು. ಜಾರ್ಜಿಯಾದ ಆಂಡರ್ಸನ್‌ವಿಲ್‌ನಲ್ಲಿ 1864ರ ಫೆಬ್ರವರಿಯಲ್ಲಿ ಶುರುವಾದ ಯುದ್ಧಕೈದಿಗಳ ಶಿಬಿರಕ್ಕೆ ಪೈನ್ ದಿಮ್ಮಿಗಳ ಎತ್ತರದ ಗೋಡೆ. ಅದರಿಂದ ಸುಮಾರು 19 ಅಡಿ ಒಳಗೆ ಗೂಟ ನೆಟ್ಟು ಮೇಲೊಂದು ಪಟ್ಟಿ ಹೊಡೆದಿದ್ದರು. ಅಷ್ಟೇ ಡೆಡ್‌ಲೈನ್. ಕೈದಿ ಗೋಡೆಯ ಹತ್ತಿರವೇ ಸುಳಿಯಬಾರದೆಂಬುದು ಲೆಕ್ಕ. ದಾಟಿದರೆ ಕಾವಲುಗಾರ ಗುಂಡು ಹಾರಿಸಬಹುದಿತ್ತು. ಅಲ್ಲಿದ್ದ ಸುಮಾರು 45,000 ಕೈದಿಗಳಲ್ಲಿ 13,000ದಷ್ಟು ಜನ ಸತ್ತರು, ಹೆಚ್ಚಿನವರು ರೋಗ, ಹಸಿವುಗಳಿಂದ. ಶಿಬಿರದ ಅಧಿಕಾರಿ ಹೆನ್ರಿ ವಿರ್ಜ್‌ನನ್ನು 1865ರ ನವೆಂಬರ್ 10ರಂದು ಗಲ್ಲಿಗೇರಿಸಲಾಯಿತು. ಅವನ ವಿಚಾರಣೆಯ ಸಾಕ್ಷ್ಯಗಳಲ್ಲಿ ಈ ಪದ ಮತ್ತೆ ಮತ್ತೆ ಬರುತ್ತದೆ.

ಕೊಲ್ಲುವ ಗೆರೆ ಬರೀ ಎಲ್ಲೆಯಾಗಲು ಹೆಚ್ಚು ಕಾಲ ಬೇಕಾಗಲಿಲ್ಲ. 1880ರಲ್ಲಿ ನ್ಯೂಯಾರ್ಕ್ ಪೊಲೀಸ್ ಅಧಿಕಾರಿ ಥಾಮಸ್ ಬರ್ನ್ಸ್, ವಾಲ್ ಸ್ಟ್ರೀಟಿನ ಕಳ್ಳತನ ತಡೆಯಲು ಫುಲ್ಟನ್ ಸ್ಟ್ರೀಟನ್ನೇ ಡೆಡ್‌ಲೈನ್ ಮಾಡಿದ. ಅದರ ದಕ್ಷಿಣಕ್ಕೆ ಕಾಲಿಟ್ಟ ಪರಿಚಿತ ಕಳ್ಳನಿಗೆ ಸಿಗುತ್ತಿದ್ದದ್ದು ಗುಂಡಲ್ಲ, ಬಂಧನ. ಇಲ್ಲಿಗೂ ಅದು ಜಾಗದ ಗೆರೆಯೇ, ಹೊತ್ತಿನದಲ್ಲ.

ಮುದ್ರಣದವರದ್ದು ಇನ್ನೊಂದು ಬಳಕೆ. ಅಚ್ಚಿನ ಯಂತ್ರದ ಹಾಸಿನ ಮೇಲಿನ ಒಂದು ಗೆರೆ. ಅಕ್ಷರದ ಅಚ್ಚುಮೊಳೆಗಳು ಅದರ ಹೊರಗೆ ಸರಿದರೆ ಅಚ್ಚು ಸರಿಯಾಗಿ ಮೂಡದು. ಪತ್ರಿಕೆಯ ಅರ್ಥ ಇಲ್ಲಿಂದಲೇ ಬಂತೆಂದು ಹೇಳುವವರಿದ್ದಾರೆ, ಕೇಳಲು ಸೊಗಸಾಗಿಯೂ ಇದೆ. ಆದರೆ ನಿಘಂಟು ಇದಕ್ಕೆ ಕೊಡುವ ಉದಾಹರಣೆ 1917ರ ಮುದ್ರಣ ಪಠ್ಯದ್ದು. ‘ಸುದ್ದಿ ತಲುಪಲೇಬೇಕಾದ ಹೊತ್ತು’ ಎಂಬ ಅರ್ಥವೂ ಅಮೆರಿಕದ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದು ಹೆಚ್ಚುಕಡಿಮೆ ಅದೇ ಆಸುಪಾಸಿನಲ್ಲಿ. ಒಂದೇ ಕಾಲದ ಎರಡು ಬಳಕೆಗಳಲ್ಲಿ ಒಂದನ್ನು ತಾಯಿ, ಇನ್ನೊಂದನ್ನು ಮಗು ಎನ್ನಲು ರೂಪಸಾಮ್ಯ ಸಾಲದು. ಗಾಳದ ದಾರಕ್ಕೂ ಅದೇ ರೂಪವಿತ್ತಲ್ಲ! ದಾಟಬಾರದ ಎಲ್ಲೆ ಎಂಬ ಅರ್ಥ ಆಗಲೇ ಜನರ ಬಾಯಲ್ಲಿತ್ತು, ಸಂಪಾದಕರು ಅದನ್ನೇ ಹೊತ್ತಿಗೂ ಹೊಂದಿಸಿಕೊಂಡರು ಎನ್ನುವುದೇ ನನಗೆ ಹೆಚ್ಚು ಒಪ್ಪಿತ.

ಹಾಗಾಗಿ ಟಿಪ್ಪಣಿಯಲ್ಲಿ 1864 ಮತ್ತು 1880 ಒಂದೇ ಸಾಲಿಗೆ ಬಂದವು, ಅಚ್ಚಿನ ಗೆರೆ ಪ್ರತ್ಯೇಕ ಸಾಲಿಗೆ. ಪತ್ರಿಕೆಯ ಅರ್ಥವನ್ನು ಮೊದಲ ಸಾಲಿನ ಕೊನೆಗೆ ಸೇರಿಸಿ, ಪಕ್ಕದಲ್ಲಿ ‘ಊಹೆ’ ಎಂದು ಬರೆದದ್ದಾಯಿತು.