18 ವೋಟಿನ ಊರಿಗೆ ಹೋಗಿ ಬಂದೆ

ವೇಲ್ಸ್‌ನ ಕ್ರಿಕ್ಯೆತ್ ಸ್ಟೇಷನ್ನಿನಲ್ಲಿ ಇಳಿದಾಗ ಸೋನೆ ಹಿಡಿದಿತ್ತು. ಬಸ್ಸು ಕಣ್ಣೆದುರೇ ಹೊರಟುಹೋಯಿತು. ಎರಡೂವರೆ ಕಿಲೋಮೀಟರ್ ತಾನೆ, ನಡೆದೇಬಿಡೋಣ ಅಂತ ಹೊರಟೆ. ಅರ್ಧ ದಾರಿಯಲ್ಲಿ ಬಲಗಾಲಿನ ಬೂಟಿನ ಅಡಿ ಬಾಯಿ ಬಿಟ್ಟಿತು. ರಸ್ತೆ ಮೇಲೆ ದೊಡ್ಡದಾಗಿ 'ಅರವ್' ಎಂದು ಬಳಿದಿದ್ದರು. ವೆಲ್ಷ್ ಭಾಷೆಯಲ್ಲಿ 'ನಿಧಾನ' ಅಂತ. ನನಗೇ ಹೇಳಿದ ಹಾಗಿತ್ತು.

ಹೋಗಬೇಕಿದ್ದ ಊರು ಲಾನಸ್ಟಮ್‌ಡುಯ್. ಮೊದಲ 'ಲ' ಹೇಳುವಾಗ ನಾಲಿಗೆಯ ಪಕ್ಕದಿಂದ ಗಾಳಿ ಬಿಡಬೇಕು. ಎಷ್ಟು ಸಲ ಪ್ರಯತ್ನಿಸಿದರೂ ನನಗೆ ಬರಲಿಲ್ಲ. 1916ರಿಂದ 1922ರವರೆಗೆ ಬ್ರಿಟನ್ನಿನ ಪ್ರಧಾನಿಯಾಗಿದ್ದ ಡೇವಿಡ್ ಲಾಯ್ಡ್ ಜಾರ್ಜ್ ಬೆಳೆದದ್ದು ಇಲ್ಲಿ. ಆತನ ಮನೆಮಾತು ವೆಲ್ಷ್, ಇಂಗ್ಲಿಷ್ ಆಮೇಲೆ ಕಲಿತದ್ದು.

ಮನೆ ಪುಟ್ಟದು, ಕಲ್ಲಿನ ಗೋಡೆ. ಪಕ್ಕಕ್ಕೇ ಸೋದರಮಾವ ರಿಚರ್ಡ್ ಲಾಯ್ಡ್ ಬೂಟು ಹೊಲಿಯುತ್ತಿದ್ದ ಅಂಗಡಿ. ಹುಡುಗನಿಗೆ ಒಂದೂವರೆ ವರ್ಷವಾಗುವಷ್ಟರಲ್ಲಿ ತಂದೆ ತೀರಿಕೊಂಡರು. ತಾಯಿ ಮಕ್ಕಳನ್ನು ಕಟ್ಟಿಕೊಂಡು ಈ ಮನೆಗೇ ಬಂದಳು. ವಕೀಲಿ ಪರೀಕ್ಷೆಗೆ ಫ್ರೆಂಚ್ ಬೇಕು ಎಂದಾಗ, ಹುಡುಗನಿಗೆ ನೆರವಾಗಲೆಂದು ಮಾವ ತಾನೂ ಕೂತು ಫ್ರೆಂಚ್ ಕಲಿತ. ನನಗೆ ಇಡೀ ಕತೆಯಲ್ಲಿ ಜಾಸ್ತಿ ಇಷ್ಟವಾದ ಮನುಷ್ಯ ಈ ಮಾವನೇ. ಆತನ ಅಂಗಡಿಯಲ್ಲಿ ಹರಿದ ಬೂಟು ಹಾಕಿಕೊಂಡು ನಿಂತದ್ದಕ್ಕೆ ಸ್ವಲ್ಪ ನಾಚಿಕೆಯೂ ಆಯಿತು.

1890ರಲ್ಲಿ ಸಂಸತ್ತಿನ ಉಪಚುನಾವಣೆ. ಹುಡುಗನಿಗೆ ಆಗ 27. ಎದುರಾಳಿ ಇದೇ ಊರಿನ ಜಮೀನುದಾರ. ಗೆದ್ದದ್ದು ಬರೀ 18 ವೋಟಿನಿಂದ. ಆಮೇಲೆ ಅದೇ ಕ್ಷೇತ್ರವನ್ನು ಸುಮಾರು 55 ವರ್ಷ ಬಿಟ್ಟುಕೊಡಲಿಲ್ಲ! ಹಣಕಾಸು ಮಂತ್ರಿಯಾಗಿ 1909ರಲ್ಲಿ ತಂದ ಬಜೆಟ್ ದೊಡ್ಡವರ ಜಮೀನಿಗೇ ತೆರಿಗೆ ಹಾಕಹೊರಟಿತು. 70 ದಾಟಿದ ಬಡವರಿಗೆ ವಾರಕ್ಕೆ 5 ಶಿಲಿಂಗ್‌ವರೆಗೆ ಪಿಂಚಣಿ ಅದೇ ವರ್ಷ ಶುರುವಾಗಿತ್ತು. ಯುದ್ಧ ಹಡಗುಗಳ ಖರ್ಚೂ ಇತ್ತು. ದುಡ್ಡು ಎಲ್ಲಿಂದ ಬರಬೇಕು? ಸಂಸತ್ತಿನ ಮೇಲ್ಮನೆಯಾದ ಲಾರ್ಡುಗಳ ಸಭೆ ಬಜೆಟ್ಟನ್ನೇ ತಳ್ಳಿಹಾಕಿತು. 1910ರಲ್ಲಿ ಎರಡು ಚುನಾವಣೆ ನಡೆದವು. ಬಜೆಟ್ ತಡೆಯುವ ಅಧಿಕಾರ ಕಸಿದುಕೊಂಡು 1911ರ ಕಾನೂನು ಲಾರ್ಡುಗಳ ಹಲ್ಲು ಕಿತ್ತಿತು.

ಇಷ್ಟಾದರೂ ನನಗೆ ಪೂರ್ತಿ ಮೆಚ್ಚಲು ಆಗಲಿಲ್ಲ. ಜಲಿಯನ್‌ವಾಲಾ ಬಾಗ್ ನಡೆದಾಗ ಪ್ರಧಾನಿ ಈತನೇ. ನಮ್ಮ ಐಸಿಎಸ್ ಅನ್ನು, ಅಂದರೆ ಬ್ರಿಟಿಷರ ಕಾಲದ ಆಡಳಿತ ಸೇವೆಯನ್ನು, 'ಉಕ್ಕಿನ ಚೌಕಟ್ಟು' ಎಂದು 1922ರಲ್ಲಿ ಕರೆದದ್ದೂ ಈತನೇ. ಜಮೀನುದಾರರ ಜೊತೆ ಜಗಳವಾಡಿದವನಿಗೆ ಸಾಮ್ರಾಜ್ಯದ ಜಮೀನುದಾರಿಕೆ ಕಾಣಲಿಲ್ಲ, ಅಲ್ವಾ? ಬಿರುದುಗಳನ್ನು ದುಡ್ಡಿಗೆ ಮಾರಿದ ಹಗರಣ ಬೇರೆ. ಕೊನೆಗೆ 1945ರಲ್ಲಿ ತಾನೇ ಅರ್ಲ್ ಎಂಬ ಲಾರ್ಡ್ ಪದವಿ ಒಪ್ಪಿಕೊಂಡ. ಲಾರ್ಡುಗಳ ಸಭೆಯಲ್ಲಿ ಒಂದು ದಿನವೂ ಕೂರದೆ ಮಾರ್ಚ್ 26ರಂದು ಸತ್ತ.

ಸಮಾಧಿ ಇರುವುದು ದುಯ್ವೋರ್ ನದಿಯ ದಂಡೆಯಲ್ಲಿ. ಸುತ್ತ ಕಲ್ಲಿನ ಗೋಡೆ, ನಡುವೆ ಒಂದು ದೊಡ್ಡ ಬಂಡೆ. ಬಂಡೆಯ ಮೇಲೆ ಹೆಸರಿಲ್ಲ. ಜಾಗ ಆತನೇ ಆರಿಸಿದ್ದಂತೆ. ಕೆಳಗೆ ನೀರು ಕಲ್ಲುಗಳ ಮೇಲೆ ಗದ್ದಲ ಮಾಡುತ್ತ ಹರಿಯುತ್ತಿತ್ತು. ನಾಯಿ ಕರೆದುಕೊಂಡು ಬಂದ ಅಜ್ಜಿಯೊಬ್ಬರು ಏನೋ ಹೇಳಿದರು. ವೆಲ್ಷ್ ಇರಬೇಕು. ನನಗೆ ಗೊತ್ತಾಗಲಿಲ್ಲ ಎಂದು ತಿಳಿದು, ನನ್ನ ಬೂಟಿನ ಕಡೆ ಬೆರಳು ತೋರಿಸಿ ನಕ್ಕರು.