ಯಾವ ಸಮುದ್ರ?

"ಛತ್ರಿ ನೋಡ್ಕೊಂಡು ಬರೋಣ್ವಾ?" ಅಂದಿದ್ದಕ್ಕೆ ಅಮ್ಮ ಬ್ಯಾಗ್ ತಟ್ಟಿ ತೋರಿಸಿದರು. "ತಂದಿದ್ದೀನಲ್ಲೋ."

ಕಳೆದ ಶನಿವಾರದ ಮಾತು. ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಏನೇನು ನೋಡಬೇಕು ಅಂತ ನನ್ನ ಆಫೀಸಿನವನೊಬ್ಬ ಉದ್ದ ಪಟ್ಟಿ ಕೊಟ್ಟಿದ್ದ. ಅದರಲ್ಲಿ 1883ರಿಂದ ಓಡುತ್ತಿರೋ ವೋಕ್ಸ್ ಪುಟಾಣಿ ರೈಲಿತ್ತು, ಐಸ್‌ಕ್ರೀಮ್ ಅಂಗಡಿಯೂ ಇತ್ತು. ಛತ್ರಿ ಅನ್ನೋ ಈ ಸ್ಮಾರಕ ಮಾತ್ರ ಇರಲಿಲ್ಲ. ಒಳ್ಳೆ ಹುಡುಗ, ಆದರೆ ತಿನ್ನೋದು ಬಿಟ್ಟು ಬೇರೆ ಏನೂ ಅವನ ಕಣ್ಣಿಗೆ ಬೀಳಲ್ಲ.

ಬೆಳಿಗ್ಗೆಯಿಂದ ಅಮ್ಮನಿಗೆ ಊರು ಹಿಡಿಸಿರಲಿಲ್ಲ. ಬೀಚ್ ತುಂಬಾ ಬರೀ ಉರುಟು ಕಲ್ಲು. "ಮರಳಿಲ್ಲದ್ದು ಎಂಥ ಸಮುದ್ರಾನೋ" ಅಂತ ಗೊಣಗುತ್ತಲೇ ಸೀರೆ ಎತ್ತಿ ಹಿಡಿದು ಪಾದ ನೆನೆಸಿಕೊಂಡು ಬಂದರು. ಸಮುದ್ರದೊಳಕ್ಕೆ ಚಾಚಿದ ಪ್ಯಾಲೇಸ್ ಪಿಯರ್ ಮೇಲೆ ಸೀಗಲ್ ಒಂದು ನನ್ನ ಕೈಯಿಂದಲೇ ಚಿಪ್ಸ್ ಹಾರಿಸಿಕೊಂಡು ಹೋದಾಗ ಮಾತ್ರ ಮನಸಾರೆ ನಕ್ಕರು.

ರಾಯಲ್ ಪೆವಿಲಿಯನ್ ಗುಮ್ಮಟ ನೋಡಿ, "ಮೈಸೂರು ಅರಮನೆ ಮರಿ ಹಾಕಿದ ಹಾಗಿದೆ" ಅಂದರು. "ಮರಿಯೇ ಹಳೇದಮ್ಮ" ಅಂದೆ. ಇದು ಮುಗಿದದ್ದು 1823ರ ಹೊತ್ತಿಗೆ, ನಮ್ಮದು 1912ರಲ್ಲಿ. ಅಮ್ಮ ಒಪ್ಪಲಿಲ್ಲ.

ಒಳಗೆ ಹೋದ ಮೇಲೆ ವಿಷಯ ಗೊತ್ತಾಯಿತು. ಮೊದಲ ಮಹಾಯುದ್ಧದಲ್ಲಿ, 1914ರಿಂದ 1916ರ ತನಕ, ಈ ಅರಮನೆ ಗಾಯಗೊಂಡ ಭಾರತೀಯ ಸೈನಿಕರ ಆಸ್ಪತ್ರೆಯಾಗಿತ್ತು. ಜಾತಿ ನೋಡಿ ಬೇರೆ ಬೇರೆ ಅಡುಗೆಮನೆ, ಹಿಂದೂ ಮುಸ್ಲಿಮರಿಗೆ ಬೇರೆ ನಲ್ಲಿ. "ಅಷ್ಟಾದರೂ ನೋಡಿಕೊಂಡರಲ್ಲ" ಅಂದರು ಅಮ್ಮ. ಅದನ್ನೇ ಫೋಟೊ ತೆಗೆದು ಪ್ರಚಾರಕ್ಕೂ ಬಳಸಿಕೊಂಡರು ಅಂತ ಹೇಳೋಣ ಅನ್ನಿಸಿತು. ಸುಮ್ನಾದೆ.

ಬ್ರೈಟನ್‌ನ ಆಸ್ಪತ್ರೆಗಳಲ್ಲಿ ತೀರಿಕೊಂಡ 53 ಹಿಂದೂ, ಸಿಖ್ ಸೈನಿಕರನ್ನು ಊರಾಚೆ ಪ್ಯಾಚಮ್ ಬಳಿಯ ಗುಡ್ಡದ ಮೇಲೆ ಸುಟ್ಟರು. ಅದೇ ಜಾಗದಲ್ಲಿ 1921ರಲ್ಲಿ ಅನಾವರಣಗೊಂಡ ಅಮೃತಶಿಲೆಯ ಮಂಟಪವೇ ಛತ್ರಿ. ಹೊಲದ ನಡುವೆ ನಡೆದೇ ಹತ್ತಬೇಕು. ಅಮ್ಮನ ಮಂಡಿಯ ಕಥೆ ಕೇಳಬೇಡಿ.

ಮೆಟ್ಟಿಲ ಕೆಳಗೇ ಚಪ್ಪಲಿ ಬಿಟ್ಟರು. ಯಾರೂ ಹೇಳಿರಲಿಲ್ಲ. ಸ್ವಲ್ಪ ಹೊತ್ತು ನಿಂತು ಕೇಳಿದರು:

"ಬೂದಿ ಎಲ್ಲಿ ಬಿಟ್ರಂತೆ?"

"ಸಮುದ್ರಕ್ಕೆ."

"ಯಾವ ಸಮುದ್ರ?"

"ಇದೇ ಅಮ್ಮ, ಇಲ್ಲಿದೇ."

"ಬೆಳಿಗ್ಗೆ ನಾನು ಕಾಲಿಟ್ಟೆನಲ್ಲೋ!"

"ನೂರು ವರ್ಷ ಆಯ್ತಲ್ಲಮ್ಮ."

"ಆದ್ರೆ?"

ಅಲ್ಲಿಗೆ ನನ್ನ ಮಾತು ನಿಂತಿತು. ಐದು ದಿನದಿಂದ ಪಾತ್ರೆ ತೊಳೆಯುವಾಗ, ಮೀಟಿಂಗ್ ನಡುವೆ ಅದೇ ಕೇಳಿಸುತ್ತಿದೆ: ಯಾವ ಸಮುದ್ರ? ಮೂರು ವರ್ಷದ ಹಿಂದೆ ಅಪ್ಪ ಹೋದಾಗ ನಾನು ಮೈಸೂರು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಟ್ಟಿದ್ದು ಚಿಕ್ಕಪ್ಪ. ನೀರು ಎಷ್ಟಿತ್ತು, ಯಾರ್ಯಾರು ಬಂದಿದ್ದರು, ಒಂದನ್ನೂ ನಾನು ಕೇಳಲಿಲ್ಲ. ಅಮ್ಮನೂ ಹೇಳಲಿಲ್ಲ. ಆ 53 ಜನರ ಮನೆಗೆ ಕಾಗದವಾದರೂ ಹೋಗಿರಬೇಕು. ಅಲ್ಲಿ ಯಾರಾದರೂ ಕೇಳಿರುತ್ತಾರೆ ಅಲ್ವಾ, ಯಾವ ಸಮುದ್ರ ಅಂತ?

ವಾಪಸ್ ಬರುವಾಗ ಅಮ್ಮ ಮತ್ತೆ ಬೀಚಿಗೆ ಹೋಗಬೇಕು ಅಂದರು. ಕತ್ತಲಾಗಿತ್ತು, ಗಾಳಿ ಜಾಸ್ತಿ. ಈ ಸಲ ನೀರಿಗಿಳಿಯಲಿಲ್ಲ. ಕಲ್ಲಿನ ಮೇಲೆ ನನ್ನ ಭುಜ ಹಿಡಿದು ಬಗ್ಗಿ, ಬಂದ ಅಲೆಯನ್ನು ಬೊಗಸೆಯಲ್ಲಿ ಹಿಡಿದು ಹಾಗೇ ಬಿಟ್ಟರು. ಒದ್ದೆ ಕೈ ಕಣ್ಣಿಗೊತ್ತಿಕೊಂಡರು.

"ನಡಿ, ಟ್ರೈನ್ ತಪ್ಪುತ್ತೆ."